ನಾಲ್ಕು ತಿಂಗಳ ಸಂಬಂಧ ಮುಗಿದಿದೆ. ನನ್ನನ್ನು ಬಳಸಿಕೊಂಡು ಕೈಬಿಟ್ಟರೆಂಬ ಭಾವನೆ ಹೋಗುತ್ತಿಲ್ಲ

ಪ್ರಶ್ನೆ – ಗಣಿತ ಉಪನ್ಯಾಸಕಿ, ಮೈಸೂರು

ನಾನು ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಬೋಧಿಸುತ್ತೇನೆ. ಕಳೆದ ವರ್ಷ ವಧೂವರರ ಜಾಲತಾಣವೊಂದರ ಮೂಲಕ ಒಬ್ಬರ ಪರಿಚಯವಾಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಅವರು, ತಂದೆಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆಗಬೇಕಾಗಿದ್ದುದರಿಂದ, ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದು ಮೈಸೂರಿನಲ್ಲಿ ಸಣ್ಣದೊಂದು ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ಅವರ ಊರು ಚಾಮರಾಜನಗರದ ಕಡೆಯ ಹಳ್ಳಿ. ಇಲ್ಲಿ ಹೇಳಿಕೊಳ್ಳುವಂತಹ ಬಂಧುಗಳಾರೂ ಇರಲಿಲ್ಲ. ಮೊದಲ ಭೇಟಿಯಲ್ಲೇ ಮಾತು ಹೊಂದಿತು, ಕೆಲವೇ ವಾರಗಳಲ್ಲಿ ದಿನದ ಆಗುಹೋಗುಗಳನ್ನೆಲ್ಲ ಪರಸ್ಪರ ಹೇಳಿಕೊಳ್ಳುವಷ್ಟು ಹತ್ತಿರವಾದೆವು. “ಅಪ್ಪ ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ನಾನೇ ನಿಮ್ಮ ಮನೆಗೆ ಬಂದು ಮಾತನಾಡುತ್ತೇನೆ” ಎಂದು ಅವರಾಗಿಯೇ ಹೇಳಿದ್ದರು.

ಅವರ ತಂದೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನಾನು ಬೆಳಗಿನ ತರಗತಿಗಳನ್ನು ಮುಗಿಸಿ ನೇರವಾಗಿ ವಾರ್ಡಿಗೆ ಹೋಗುತ್ತಿದ್ದೆ. ಉಪ್ಪು ಕಡಿಮೆ ಹಾಕಿದ ಸಾರು, ಮೆತ್ತಗೆ ಬೇಯಿಸಿದ ಅನ್ನ ಇವುಗಳನ್ನು ಡಬ್ಬಿಯಲ್ಲಿ ತೆಗೆದುಕೊಂಡು ಹೋಗುತ್ತಿದ್ದೆ. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದೆ. ರಕ್ತ ಬೇಕಾದಾಗ ನನ್ನ ಹಳೆಯ ವಿದ್ಯಾರ್ಥಿಗಳನ್ನು ಕರೆತಂದೆ. ಆಸ್ಪತ್ರೆಗೆ ಮುಂಗಡ ಕಟ್ಟಲು ಹಣ ಸಾಲದೆ ಬಂದಾಗ ಯುಪಿಐ ಮೂಲಕ ನಲವತ್ತು ಸಾವಿರ ರೂಪಾಯಿಗಳನ್ನು ಕೊಟ್ಟೆ. ಮುಂದಿನ ತಿಂಗಳು ಹಿಂದಿರುಗಿಸುವುದಾಗಿ ಅವರು ಸಂದೇಶದಲ್ಲಿ ಬರೆದಿದ್ದರು. ಒಮ್ಮೆ ಊರಿನಿಂದ ಬಂದ ಅವರ ಅತ್ತೆ “ಈ ಹುಡುಗಿ ಯಾರು?” ಎಂದು ಕೇಳಿದಾಗ, “ನಮಗೆ ಪರಿಚಯದವರು, ಇಲ್ಲೇ ಟೀಚರ್” ಎಂದು ಹೇಳಿ ಅವರು ಮಾತು ಬದಲಿಸಿದರು. ಆ ಹೊತ್ತಿನಲ್ಲಿ ಹಾಗೆ ಹೇಳಿದ್ದೇ ಸರಿ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ.

ತಂದೆ ಮನೆಗೆ ಮರಳಿ, ಓಡಾಡುವಂತಾದ ಮೇಲೆ ಅವರ ಮಾತು ಕಡಿಮೆಯಾಗುತ್ತ ಬಂತು. ಒಂದು ಸಂಜೆ ಸಂದೇಶವೊಂದು ಬಂತು: ಮನೆಯ ಪರಿಸ್ಥಿತಿಯಲ್ಲಿ ಈ ವಿಚಾರವನ್ನು ಮುಂದುವರಿಸಲಾಗುವುದಿಲ್ಲ, ನಾನು ಮಾಡಿದ್ದನ್ನು ಅವರು ಎಂದಿಗೂ ಮರೆಯುವುದಿಲ್ಲ, ಒಳ್ಳೆಯದಾಗಲಿ. ನಾನು ಕರೆ ಮಾಡಿದರೆ ಎತ್ತಲಿಲ್ಲ. ಅದಾಗಿ ಹೆಚ್ಚು ದಿನ ಕಳೆಯುವ ಮೊದಲೇ, ಪರಿಚಿತರೊಬ್ಬರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಅವರ ನಿಶ್ಚಿತಾರ್ಥದ ಚಿತ್ರವನ್ನು ನೋಡಿದೆ.

ನಮ್ಮ ನಡುವೆ ದೈಹಿಕ ಸಾಮೀಪ್ಯವೂ ಇತ್ತು. ಅದು ಒತ್ತಾಯದಿಂದ ಆದದ್ದಲ್ಲ, ನಾನೂ ಒಪ್ಪಿದ್ದೆ. ನನ್ನ ಕೆಲವು ಖಾಸಗಿ ಚಿತ್ರಗಳು ಅವರ ಫೋನಿನಲ್ಲಿವೆ. ಪೊಲೀಸರಿಗೆ ದೂರು ಕೊಡು ಎಂದು ಗೆಳತಿಯೊಬ್ಬಳು ಹೇಳುತ್ತಾಳೆ. ಇನ್ನೊಬ್ಬಳು, “ನಾಲ್ಕು ತಿಂಗಳಿಗೆ ಇಷ್ಟೊಂದು ಅಳುವುದೇ? ವರ್ಷಗಟ್ಟಲೆ ಸಂಸಾರ ಮಾಡಿ ಬಿಟ್ಟವರಿದ್ದಾರೆ” ಎನ್ನುತ್ತಾಳೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನು ಕೇಳಬೇಕೆಂದಿರುವುದು ಇಷ್ಟು: ಅವರು ಮೊದಲಿನಿಂದಲೂ ನನ್ನನ್ನು ಬಳಸಿಕೊಳ್ಳುತ್ತಲೇ ಇದ್ದರೋ, ಅಥವಾ ಮನಸ್ಸು ನಿಜವಾಗಿ ಬದಲಾಯಿತೋ? ಅದನ್ನು ತಿಳಿಯದೆ ಈ ಸಂಕಟದಿಂದ ಹೊರಬರಲು ಸಾಧ್ಯವೇ?

ಉತ್ತರ – ಆಪ್ತಸಮಾಲೋಚಕಿ, ಧಾರವಾಡ

ಮೊದಲು ನಿಮ್ಮ ಎರಡನೆಯ ಗೆಳತಿಯ ಮಾತಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ನನ್ನ ಬಳಿಗೆ ಬರುವವರಲ್ಲಿ ಅನೇಕರು ಆ ಮಾತಿನಿಂದಲೇ ಹೆಚ್ಚು ಕುಗ್ಗಿರುತ್ತಾರೆ. ಸಂಬಂಧದ ಅವಧಿ ಚಿಕ್ಕದಾಗಿದ್ದರೆ ದುಃಖವೂ ಚಿಕ್ಕದಾಗಿರಬೇಕು ಎಂಬ ಲೆಕ್ಕಾಚಾರ ಮನಸ್ಸಿಗೆ ಅನ್ವಯಿಸುವುದಿಲ್ಲ. ವರ್ಷಗಳ ಕಾಲ ಜೊತೆಗಿದ್ದವರು ಒಬ್ಬರ ಕೊರತೆಗಳನ್ನು ಇನ್ನೊಬ್ಬರು ಕಂಡು, ಜಗಳವಾಡಿ, ಬೇಸತ್ತು, ಮನಸ್ಸಿನಲ್ಲಿ ಅರ್ಧ ಬೇರೆಯಾದ ಮೇಲೆ ಬೇರೆಯಾಗುವುದುಂಟು. ನಿಮ್ಮದು ಹಾಗಲ್ಲ, ಪ್ರೀತಿ ಏರುತ್ತಿದ್ದ ಹೊತ್ತಿನಲ್ಲೇ ಕಡಿದುಹೋಯಿತು. ಕಳೆದುಹೋದ ನಾಲ್ಕು ತಿಂಗಳ ಜೊತೆಗೆ, ಅವರು ನಿಮ್ಮ ಮನೆಗೆ ಬಂದು ಮಾತನಾಡುವ ದಿನದಿಂದ ಮುಂದಕ್ಕೆ ನೀವು ಕಟ್ಟಿಕೊಂಡಿದ್ದುದೆಲ್ಲ ಹೋಯಿತು.

ಈ ನೋವಿಗೆ ದೇಹದಲ್ಲಿಯೂ ನೆಲೆ ಇದೆ. ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೇಮದಲ್ಲಿ ತಿರಸ್ಕೃತರಾಗಿಯೂ ಇನ್ನೂ ಪ್ರೀತಿಸುತ್ತಿದ್ದ 15 ಮಂದಿಗೆ ಆ ವ್ಯಕ್ತಿಯ ಚಿತ್ರವನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಮಾದಕ ವಸ್ತುವಿನ ಹಂಬಲದೊಂದಿಗೆ ಸಂಬಂಧವಿರುವ ಭಾಗಗಳು ಚುರುಕಾಗಿದ್ದುದು ಕಂಡುಬಂತು. ಮರುವರ್ಷ ಈಥನ್ ಕ್ರಾಸ್ ಅವರ ತಂಡ 40 ಜನರ ಮೇಲೆ ನಡೆಸಿದ ಅಧ್ಯಯನವು, ಬಿಟ್ಟುಹೋದವರ ಚಿತ್ರವನ್ನು ನೋಡುವಾಗಲೂ ಮುಂಗೈಗೆ ಬಿಸಿ ತಾಗಿಸಿದಾಗಲೂ ಮಿದುಳಿನ ಕೆಲವು ಭಾಗಗಳು ಒಂದೇ ರೀತಿ ಸ್ಪಂದಿಸುವುದನ್ನು ತೋರಿಸಿತು. ಇವು ಸಣ್ಣ ಸಂಖ್ಯೆಯ ಜನರ ಮೇಲಿನ ಅಧ್ಯಯನಗಳು, ಇವುಗಳಿಂದ ಎಲ್ಲವನ್ನೂ ವಿವರಿಸಲಾಗದು. ಆದರೂ ಆ ಸ್ಟೇಟಸ್ ಚಿತ್ರವನ್ನು ನೀವು ಮತ್ತೆ ಮತ್ತೆ ತೆರೆದು ನೋಡುತ್ತಿದ್ದರೆ, ಅದನ್ನು ಮನಸ್ಸಿನ ದೌರ್ಬಲ್ಯವೆಂದು ಹಳಿದುಕೊಳ್ಳಬೇಡಿ. ಹಂಬಲ ಇರುವಷ್ಟು ದಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದೇ ಉಪಾಯ; ಆ ಪರಿಚಿತರ ಸ್ಟೇಟಸ್‌ಗಳನ್ನು ಮ್ಯೂಟ್ ಮಾಡಿ, ಆತನ ಬಗ್ಗೆ ಯಾರಲ್ಲಿಯೂ ವಿಚಾರಿಸಬೇಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಆಸ್ಪತ್ರೆಯ ದಿನಗಳಲ್ಲಿ ಹುಟ್ಟುವ ಸಾಮೀಪ್ಯಕ್ಕೆ ಒಂದು ವಿಶೇಷ ಗುಣವಿದೆ. ತಂದೆ ಉಳಿಯುತ್ತಾರೋ ಇಲ್ಲವೋ ಎಂಬ ಭಯದಲ್ಲಿರುವವನು ಕೈಗೆ ಸಿಕ್ಕ ಆಸರೆಯನ್ನು ಗಟ್ಟಿಯಾಗಿ ಹಿಡಿಯುತ್ತಾನೆ, ಆ ಗಳಿಗೆಯಲ್ಲಿ ಅದನ್ನು ಪ್ರೀತಿಯೆಂದೇ ನಂಬಿಯೂ ಇರುತ್ತಾನೆ. ಭಯ ಕಳೆದ ಮೇಲೆ ಹಿಡಿತ ಸಡಿಲುತ್ತದೆ. ಆತ ಯೋಜನೆ ಹಾಕಿಕೊಂಡೇ ಬಂದಿದ್ದನೆಂದು ಹೇಳಲು ನನಗೆ ಆಧಾರ ಕಾಣುವುದಿಲ್ಲ. ಆದರೆ ಆತನ ಉದ್ದೇಶ ಏನಿತ್ತೆಂದು ತೀರ್ಮಾನವಾಗುವ ತನಕ ಆತನ ನಡತೆಯನ್ನು ತೂಗುವಂತಿಲ್ಲ ಎಂದುಕೊಂಡು ನೀವು ಕಾಯುತ್ತಿದ್ದೀರಿ. ನನಗೆ ಕಾಣುವ ತೊಡಕು ಇಲ್ಲಿದೆ. ಸ್ವಂತ ಅತ್ತೆಯ ಮುಂದೆ ನಿಮ್ಮನ್ನು ಮರೆಮಾಚಿದ್ದು, ಪಡೆದ ಹಣದ ಮಾತೆತ್ತದೆ ಹೋದದ್ದು, ಕರೆ ಎತ್ತದೆ ನಾಲ್ಕು ಸಾಲುಗಳಲ್ಲಿ ಮುಗಿಸಿದ್ದು ಇವೆಲ್ಲ ನಡೆದ ಸಂಗತಿಗಳು. ಮನಸ್ಸು ನಿಜವಾಗಿ ಬದಲಾದವನೂ ಬಸ್ಸು ಹತ್ತಿ ಬಂದು ಎದುರಿಗೆ ಕುಳಿತು ಹೇಳಬಹುದಿತ್ತು. ನಿಮಗೆ ಅನ್ಯಾಯವಾಗಿದೆ ಎಂದು ಹೇಳಲು ಇಷ್ಟು ಸಾಕು.

ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಸಿದೇ ಇದ್ದರೆ, ನಿದ್ರೆ ಹಾಗೂ ಊಟ ತಪ್ಪುತ್ತಿದ್ದರೆ ವೈದ್ಯರನ್ನು ಕಾಣಿರಿ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯಬೇಡಿ, ಆಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲೂ ರಾತ್ರಿ ಲಭ್ಯವಿದೆ; ಇದರ ಮಾರ್ಗದರ್ಶನದ ಹೊಣೆ ಬೆಂಗಳೂರಿನ ನಿಮ್ಹಾನ್ಸ್‌ನದು, ಕನ್ನಡದಲ್ಲಿಯೇ ಮಾತನಾಡಬಹುದು.

ಉತ್ತರ – ಓದುಗ, ಹಾಸನ

ಮೇಲಿನ ಉತ್ತರದಲ್ಲಿ ‘ನಿಮಗೆ ಅನ್ಯಾಯವಾಗಿದೆ’ ಎಂದ ಭಾಗವನ್ನು ಒಪ್ಪಲು ನನಗೆ ಕಷ್ಟವಾಗುತ್ತಿದೆ. ಪ್ರಶ್ನೆ ಕೇಳಿದ ಸಹೋದರಿಯ ನೋವನ್ನು ಕಡೆಗಣಿಸುವ ಉದ್ದೇಶ ನನ್ನದಲ್ಲ. ಆದರೆ ಊಟ ಒಯ್ದದ್ದು, ರಾತ್ರಿಯವರೆಗೆ ಕುಳಿತದ್ದು, ರಕ್ತದಾನಿಗಳನ್ನು ಕರೆತಂದದ್ದು ಎಲ್ಲವೂ ಅವರು ಮನಸಾರೆ ಮಾಡಿದ ಕೆಲಸಗಳು; ಆತ ಕೇಳಿಕೊಂಡನೆಂದು ಅವರೂ ಬರೆದಿಲ್ಲ. ವರಾನ್ವೇಷಣೆಯಲ್ಲಿ ಇಬ್ಬರಿಗೂ ಬೇಡವೆನ್ನುವ ಹಕ್ಕು ಇರಲೇಬೇಕು. ಬೇಡವೆಂದ ಮಾತ್ರಕ್ಕೆ ಹಿಂದೆ ನಡೆದುದೆಲ್ಲ ಶೋಷಣೆಯಾಗಿತ್ತು ಎಂದು ತಿರುಗಿ ನೋಡಲಾರಂಭಿಸಿದರೆ, ತಾನು ಕೊಟ್ಟದ್ದರಲ್ಲಿ ಇದ್ದ ಸಂತೋಷವನ್ನೂ ಆಕೆ ಕಳೆದುಕೊಳ್ಳುತ್ತಾರೆ. ಹಣವನ್ನು ಮಾತ್ರ ಆತ ಹಿಂದಿರುಗಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಉತ್ತರ – ನಿವೃತ್ತ ಕನ್ನಡ ಶಿಕ್ಷಕಿ, ಶಿವಮೊಗ್ಗ

ಹಾಸನದವರ ಮಾತಿನಲ್ಲಿ ಅರ್ಧ ಸತ್ಯವಿದೆ, ಬೇಡವೆನ್ನುವ ಹಕ್ಕು ಎಲ್ಲರದು. ಆದರೆ ಕೊಟ್ಟವಳು ಮನಸಾರೆ ಕೊಟ್ಟಳು ಎಂಬುದರಿಂದ ಪಡೆದವನ ಹೊಣೆ ಕಡಿಮೆಯಾಗುವುದಿಲ್ಲ. “ಆಮೇಲೆ ನಾನೇ ನಿಮ್ಮ ಮನೆಗೆ ಬರುತ್ತೇನೆ” ಎಂಬ ಮಾತನ್ನು ನಂಬಿ ಈ ಮಗು ವಾರ್ಡಿನಲ್ಲಿ ಕುಳಿತಿತ್ತು. ದಾರಿಹೋಕರ ತಂದೆಗೆ ಯಾರೂ ದಿನವೂ ಸಾರು ಮಾಡಿಕೊಂಡು ಹೋಗುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ನಡೆದುಕೊಂಡವನ ಬಗ್ಗೆ ನಮ್ಮ ಹಿರಿಯರು ಹೇಳುತ್ತಿದ್ದುದನ್ನೇ ಹೇಳಬೇಕಾಗುತ್ತದೆ.

ನಮ್ಮ ಕಡೆ ತಾಂಬೂಲ ಬದಲಾಯಿಸಿದ ಸಂಬಂಧ ಮುರಿಯಬೇಕಾಗಿ ಬಂದರೆ, ಹಿರಿಯರೊಬ್ಬರು ಹೆಣ್ಣಿನ ಮನೆಗೆ ಹೋಗಿ, ಜಗುಲಿಯ ಮೇಲೆ ಕುಳಿತು, ತಲೆತಗ್ಗಿಸಿ ವಿಷಯ ಹೇಳಿ, ಕೊಟ್ಟದ್ದು ತೆಗೆದುಕೊಂಡದ್ದನ್ನು ಇತ್ಯರ್ಥ ಮಾಡಿಕೊಂಡು ಬರುತ್ತಿದ್ದರು. ಅದು ಸುಖದ ಕೆಲಸವಾಗಿರಲಿಲ್ಲ, ಬೈಗುಳ ಕೇಳಬೇಕಾಗುತ್ತಿತ್ತು. ಆ ಪದ್ಧತಿಯಲ್ಲಿ ಹೆಣ್ಣಿನ ಮಾತಿಗೆ ಬೆಲೆ ಇರಲಿಲ್ಲ ಎಂಬುದನ್ನೂ ನಾನು ಮರೆತಿಲ್ಲ, ನನ್ನ ಅಕ್ಕಂದಿರ ಮದುವೆಗಳನ್ನು ಕಂಡವಳು ನಾನು. ಆದರೂ ಅಲ್ಲಿ ಒಂದು ಸಂಬಂಧ ಇತ್ತು, ಈಗ ಅದು ಮುರಿದಿದೆ ಎಂಬುದಕ್ಕೆ ನಾಲ್ಕು ಜನ ಸಾಕ್ಷಿಗಳಿರುತ್ತಿದ್ದರು. ಈಗಿನ ಸಂಬಂಧಗಳು ಎರಡು ಫೋನುಗಳ ನಡುವೆ ಹುಟ್ಟಿ ಅಲ್ಲಿಯೇ ಕೊನೆಗೊಳ್ಳುತ್ತವೆ. ಬಿಟ್ಟುಹೋದವನು ಏನೂ ಆಗಿಯೇ ಇಲ್ಲವೆಂಬಂತೆ ಇನ್ನೊಂದು ತಾಂಬೂಲಕ್ಕೆ ಕುಳಿತುಕೊಳ್ಳಬಹುದು. ಉಳಿದವಳು ತನಗೆ ಆದದ್ದು ಆಗಿತ್ತೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಿರುತ್ತಾಳೆ. ಮೈಸೂರಿನ ಈ ಮಗಳನ್ನು ಹೆಚ್ಚು ಸುಡುತ್ತಿರುವುದು ಇದೇ ಇರಬೇಕೆಂದು ನನಗೆ ತೋರುತ್ತದೆ.

ಮಹಾಭಾರತದ ಆದಿಪರ್ವದಲ್ಲಿ ಬರುವ ಶಕುಂತಲೆಯ ಕಥೆಯಲ್ಲಿ ಕಳೆದುಹೋಗುವ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅವು ನಮಗೆ ಪರಿಚಿತವಾದದ್ದು ಕಾಳಿದಾಸನ ನಾಟಕದಿಂದ. ಭಾರತದ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ಆಕೆಯನ್ನು ತಾನು ಅರಿಯೆನೆಂದು ತುಂಬಿದ ಸಭೆಯಲ್ಲಿ ಹೇಳುತ್ತಾನೆ, ಅಶರೀರವಾಣಿ ಸಾಕ್ಷಿ ನುಡಿದ ಮೇಲೆಯೇ ಒಪ್ಪಿಕೊಳ್ಳುತ್ತಾನೆ. ಆದರೆ ಆ ವಾಣಿ ಕೇಳಿಸುವುದಕ್ಕೂ ಮುನ್ನ ಶಕುಂತಲೆ ಸುಮ್ಮನೆ ನಿಂತಿರುವುದಿಲ್ಲ. ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದೀಯೆ ಎಂದು ರಾಜನ ಮುಖಕ್ಕೇ ಹೇಳುತ್ತಾಳೆ. ತನ್ನಲ್ಲಿ ಏನು ಕೊರತೆ ಇತ್ತೆಂದು ಆಕೆ ಕೇಳುವುದಿಲ್ಲ. ತರಗತಿಯಲ್ಲಿ ಈ ಭಾಗವನ್ನು ಹೇಳುವಾಗಲೆಲ್ಲ ಹುಡುಗಿಯರು ನೆಟ್ಟಗೆ ಕುಳಿತು ಕೇಳುತ್ತಿದ್ದರು.

ತಾಯಿಗೆ ಹೇಳಲು ಕಷ್ಟವಾದರೆ ಅಕ್ಕನಿಗೋ ಚಿಕ್ಕಮ್ಮನಿಗೋ, ಬುದ್ಧಿವಾದ ಹೇಳದೆ ಪೂರ್ತಿ ಕೇಳಿಸಿಕೊಳ್ಳುವ ಒಬ್ಬರಿಗೆ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಮ್ಮ. ನಿನ್ನ ಕಡೆಗೆ ಒಬ್ಬ ಸಾಕ್ಷಿಯಾದರೂ ಇರಲಿ.

ಉತ್ತರ – ವಕೀಲೆ, ಮಂಡ್ಯ

ದೂರಿನ ವಿಷಯ ಬಂದಿರುವುದರಿಂದ ಕಾನೂನಿನ ಸ್ಥಿತಿಯನ್ನು ಸ್ಪಷ್ಟಪಡಿಸುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನ ಪ್ರಕಾರ, ವಂಚನೆಯ ಮಾರ್ಗದಿಂದ ಅಥವಾ ಈಡೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಭರವಸೆ ನೀಡಿ ಮಹಿಳೆಯೊಂದಿಗೆ ಲೈಂಗಿಕ ಸಂಪರ್ಕ ಮಾಡುವುದು 10 ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧ. ಇಲ್ಲಿ ಉದ್ದೇಶವೇ ಇರಲಿಲ್ಲ ಎಂಬುದು ಮುಖ್ಯ. ಭರವಸೆ ಕೊಟ್ಟಾಗ ಪ್ರಾಮಾಣಿಕವಾಗಿದ್ದು ಆಮೇಲೆ ಮನಸ್ಸು ಬದಲಾದರೆ ಅದು ಮಾತು ತಪ್ಪಿದಂತಾಗುತ್ತದೆ. ಕೊಡುವಾಗಲೇ ಸುಳ್ಳಾಗಿದ್ದರೆ ಮಾತ್ರ ಅಪರಾಧವಾಗುತ್ತದೆ. ಹಳೆಯ ದಂಡ ಸಂಹಿತೆಯಡಿ ಸರ್ವೋಚ್ಚ ನ್ಯಾಯಾಲಯವು ಪ್ರಮೋದ್ ಸೂರ್ಯಭಾನ್ ಪವಾರ್ ಪ್ರಕರಣದಲ್ಲಿ 2019ರಲ್ಲಿ ಈ ವ್ಯತ್ಯಾಸವನ್ನು ವಿವರಿಸಿದೆ. ಅದಕ್ಕೂ ಮುಂಚೆ, 2003ರಲ್ಲಿ, ನಮ್ಮ ರಾಜ್ಯದಿಂದಲೇ ಹೋಗಿದ್ದ ಉದಯ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಆರೋಪಿಯನ್ನು ಬಿಡುಗಡೆ ಮಾಡಿತ್ತು.

ನೀವು ಬರೆದಿರುವಷ್ಟನ್ನು ನೋಡಿದರೆ, ಭರವಸೆ ಮೊದಲೇ ಸುಳ್ಳಾಗಿತ್ತೆಂದು ಸಾಧಿಸುವುದು ಸುಲಭವಲ್ಲ. ನಿಶ್ಚಿತಾರ್ಥದ ಮಾತುಕತೆ ನಿಮ್ಮ ಪರಿಚಯಕ್ಕೂ ಮುಂಚೆಯೇ ನಡೆದಿತ್ತು ಎಂಬಂತಹ ಸಂಗತಿ ತಿಳಿದುಬಂದರೆ ಪರಿಸ್ಥಿತಿ ಬೇರೆಯಾಗುತ್ತದೆ. ದೂರು ಕೊಡುವುದು ನಿಮ್ಮ ಹಕ್ಕು. ಆದರೆ ನೋವಿಗೆ ಉತ್ತರ ಸಿಗುತ್ತದೆಂದು ಮಾತ್ರ ದೂರು ಕೊಡಬೇಡಿ. ತನಿಖೆ, ವೈದ್ಯಕೀಯ ಪರೀಕ್ಷೆ, ಪಾಟೀಸವಾಲು ಇವುಗಳನ್ನೆಲ್ಲ ಹಾದುಹೋದ ಕಕ್ಷಿದಾರರನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಚಿತ್ರಗಳ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿ ಗಟ್ಟಿಯಾಗಿದೆ. ಚಿತ್ರ ತೆಗೆಯಲು ನೀವು ಒಪ್ಪಿದ್ದರೂ, ಇತರರಿಗೆ ಹಂಚಲು ಒಪ್ಪಿಲ್ಲವಾದರೆ, ಅಂತಹ ಖಾಸಗಿ ಚಿತ್ರವನ್ನು ಹಂಚುವುದು ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮೂ ಅನ್ವಯಿಸಬಹುದು. ಹಂಚುವ ಬೆದರಿಕೆ ಬಂದರೂ ಸುಮ್ಮನಿರಬೇಡಿ. ಹತ್ತಿರದ ಸೈಬರ್ ಅಪರಾಧ ಠಾಣೆಯಲ್ಲಿ ಅಥವಾ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಸಹಾಯವಾಣಿ ಸಂಖ್ಯೆ 1930.

ಹಣಕ್ಕೆ ನಿಮ್ಮ ಬ್ಯಾಂಕ್ ದಾಖಲೆ ಮತ್ತು ಆತನ ಸಂದೇಶ ಎರಡೂ ಇವೆ. ಸಾಲ ವಸೂಲಿಗೆ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ ಇರುತ್ತದೆ, ಹಾಗಾಗಿ ಅವಸರವಿಲ್ಲ. ಆದರೆ ಕೋಪದಲ್ಲಿ ಸಂಭಾಷಣೆಯನ್ನು ಅಳಿಸಿಬಿಡಬೇಡಿ. ನ್ಯಾಯಾಲಯದಲ್ಲಿ ಸ್ಕ್ರೀನ್‌ಶಾಟ್ ಒಂದೇ ಸಾಲದು, ವಿದ್ಯುನ್ಮಾನ ದಾಖಲೆಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಕೇಳುವ ಪ್ರಮಾಣಪತ್ರವೂ ಬೇಕಾಗುತ್ತದೆ. ಮೂಲ ಸಂದೇಶ ಫೋನಿನಲ್ಲಿಯೇ ಇದ್ದರೆ ಒಳ್ಳೆಯದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಮೈಸೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಶಿವಮೊಗ್ಗದ ಮೇಡಂ ಬರೆದುದನ್ನು ಓದಿದ ಮೇಲೆ ಅಕ್ಕನಿಗೆ ಹೇಳಿದೆ. ಅವಳು ಬಹಳ ಹೊತ್ತು ಏನೂ ಮಾತನಾಡದೆ ಕೇಳಿಸಿಕೊಂಡು, ಕೊನೆಗೆ “ಅವರ ಅಪ್ಪ ಈಗ ಹೇಗಿದ್ದಾರಂತೆ?” ಎಂದು ಕೇಳಿದಳು. ಆ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ, ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು. ಆ ಹಿರಿಯರಿಗೆ ನನ್ನ ಮೇಲೆ ವಿಶ್ವಾಸವಿತ್ತು, ನಾನು ಹೋಗುವ ತನಕ ಮಾತ್ರೆ ನುಂಗದೆ ಕಾಯುತ್ತಿದ್ದರು. ಅವರಿಂದಲೂ ನಾನು ದೂರವಾದೆ ಎಂಬುದನ್ನು ನಾನು ಯಾರಿಗೂ ಹೇಳಿಕೊಂಡಿರಲಿಲ್ಲ.

ಹಾಸನದವರಿಗೆ ಒಂದು ಮಾತು. ನಾನು ಕೊಟ್ಟದ್ದರಲ್ಲಿ ಸಂತೋಷವಿತ್ತು ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅತ್ತೆಯ ಮುಂದೆ ಅವರು ಆಡಿದ ಮಾತನ್ನು ನಾನು ಈಗ ಒಪ್ಪಲಾರೆ. ಸಂತೋಷ ಇತ್ತು, ಅನ್ಯಾಯವೂ ಆಯಿತು, ಎರಡನ್ನೂ ಹೇಳುವೆ. ದೂರು ಕೊಡುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಹಣ ಮತ್ತು ಚಿತ್ರಗಳ ಬಗ್ಗೆ ಮಾತ್ರ ಬರೆಯಬೇಕೆಂದಿದ್ದೇನೆ. ನನಗೆ ಹೇಗೆ ನೋವಾಯಿತೆಂದು ಅದೇ ಸಂದೇಶದಲ್ಲಿ ಎರಡು ಸಾಲು ಸೇರಿಸಬಹುದೇ?

ಉತ್ತರ – ವಕೀಲೆ, ಮಂಡ್ಯ

ಆ ಸಂದೇಶದಲ್ಲಿ ಬೇಡ. ಇಂತಹ ದಿನಾಂಕದಂದು ಇಷ್ಟು ಹಣವನ್ನು ಸಾಲವಾಗಿ ಕೊಟ್ಟಿದ್ದೇನೆ, ಇಂತಹ ದಿನಾಂಕದೊಳಗೆ ನನ್ನ ಖಾತೆಗೆ ಹಿಂದಿರುಗಿಸಬೇಕು. ನನ್ನ ಚಿತ್ರಗಳನ್ನೆಲ್ಲ ಫೋನಿನಿಂದಲೂ ಬ್ಯಾಕಪ್‌ನಿಂದಲೂ ಅಳಿಸಿ, ಅಳಿಸಿರುವುದಾಗಿ ಬರಹದಲ್ಲಿ ತಿಳಿಸಬೇಕು. ಇಷ್ಟೇ ಇರಲಿ. ಆತ ಕರೆ ಮಾಡಿ ಮಾತನಾಡೋಣವೆಂದರೆ, ಬರಹದಲ್ಲಿಯೇ ಉತ್ತರಿಸಿ ಎಂದು ತಿಳಿಸಿ. ಸಾಲವನ್ನು ಒಪ್ಪಿ ಬರೆದ ಒಂದು ಸಾಲು ಮುಂದೆ ನಿಮಗೆ ಉಪಯೋಗಕ್ಕೆ ಬರುತ್ತದೆ.

ಉತ್ತರ – ಆಪ್ತಸಮಾಲೋಚಕಿ, ಧಾರವಾಡ

ನೋವಿನ ಆ ಎರಡು ಸಾಲುಗಳನ್ನು ಎರಡು ಪುಟಗಳಾಗಿ ಬೇರೆ ಹಾಳೆಯಲ್ಲಿ ಬರೆಯಿರಿ, ಆದರೆ ಆತನಿಗೆ ಕಳುಹಿಸಬೇಡಿ. ಬರುವ ಉತ್ತರಕ್ಕಾಗಿ, ಅಥವಾ ಬಾರದ ಉತ್ತರಕ್ಕಾಗಿ, ಮತ್ತೆ ಫೋನು ಹಿಡಿದು ಕೂರಬೇಕಾಗುತ್ತದೆ. ಬರೆದುದನ್ನು ಅಕ್ಕನಿಗೆ ಓದಿ ಹೇಳಿ. ಆ ಹಿರಿಯರ ಆರೋಗ್ಯವನ್ನು ವಿಚಾರಿಸಲೇಬೇಕೆನಿಸಿದರೆ ಹಣದ ವಿಚಾರ ಮುಗಿಯುವವರೆಗೆ ತಡೆಯಿರಿ, ಆಮೇಲೂ ಹಾಗೆಯೇ ಅನಿಸಿದರೆ ಅಕ್ಕನ ಫೋನಿನಿಂದ ಅಕ್ಕನೇ ಕೇಳಲಿ.